ಬಂಗಾರದ ಆಲಯ ಮತ್ತು ದೇವರ ಸನ್ನಿಧಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ಸಭೆಯ ಹಂಚಿನ ಮಾಡಿನ ಹಳೆಯ ದೇವಾಲಯವನ್ನು ಕೆಡವಿ ಭವ್ಯವಾದ ಹೊಸದನ್ನು ಕಟ್ಟಬೇಕೆಂದು ಹಲವರು ಬಯಸುತ್ತಿದ್ದಾರೆ. ವೈಭವಕ್ಕಿಂತ ದೇವರ ಸನ್ನಿಧಿ ದೊಡ್ಡದೆಂದು ಕೆಲವರು ತಡೆಯುತ್ತಿದ್ದಾರೆ. ಇಸ್ರಾಯೇಲಿನ ಅರಸನಾದ ಸೊಲೊಮೋನನು ಕಟ್ಟಿಸಿದ ದೇವಾಲಯಕ್ಕೆ ಬಂಗಾರ ಹೊದಿಸಿದ್ದನ್ನು ದೇವರು ಮೆಚ್ಚಲಿಲ್ಲವೇ? ಹಾಗಿದ್ದ ಮೇಲೆ ಈ ತಡೆ ಏಕೆ? (ಸಭೆಯ ಸದಸ್ಯರೊಬ್ಬರು, ಹಾವೇರಿ ಜಿಲ್ಲೆ)

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ನ್ಯಾಯವಿದೆ. ದೇವರ ಆರಾಧನೆಗೆ ಬಂಗಾರ ಸಲ್ಲದೆಂದು ಸತ್ಯವೇದ (ಬೈಬಲ್) ಎಲ್ಲಿಯೂ ಹೇಳುವುದಿಲ್ಲ. ಆದರೆ ಸೊಲೊಮೋನನಿಗಿಂತ ಮೊದಲು ಸೀನಾಯಿ ಬೆಟ್ಟದ ಬುಡದಲ್ಲಿ ನಡೆದದ್ದನ್ನು ನಾವು ಗಮನಿಸಬೇಕು, ಏಕೆಂದರೆ ಈ ವಿಷಯದ ಬೇರು ಅಲ್ಲಿದೆ.

ಇಸ್ರಾಯೇಲ್ಯರು ಐಗುಪ್ತದಿಂದ (ಈಜಿಪ್ಟಿನಿಂದ) ಹೊರಡುವಾಗ ಅಲ್ಲಿಯವರಿಂದ ಬೆಳ್ಳಿಬಂಗಾರದ ಒಡವೆಗಳನ್ನು ಪಡೆದು ಬಂದಿದ್ದರು. ಅವರ ನಾಯಕನಾದ ಮೋಶೆ ಬೆಟ್ಟದಿಂದ ಇಳಿಯುವುದು ತಡವಾದಾಗ ತಮ್ಮ ಕಿವಿಯ ಮುರುವುಗಳನ್ನು ಬಿಚ್ಚಿ ಮೋಶೆಯ ಅಣ್ಣ ಆರೋನನಿಗೆ ಕೊಟ್ಟರು, ಅವು ಬಸವನ ವಿಗ್ರಹವಾದವು. ವಿಮೋಚನಕಾಂಡದ 33ನೆಯ ಅಧ್ಯಾಯದಲ್ಲಿ ದೇವರು ಹೇಳುವ ಮಾತು ನನ್ನನ್ನು ಪ್ರತಿ ಸಾರಿಯೂ ನಡುಗಿಸುತ್ತದೆ. ಹಾಲೂ ಜೇನೂ ಹರಿಯುವ ದೇಶಕ್ಕೆ ನೀವು ಹೋಗಬಹುದು, ನನ್ನ ದೂತನನ್ನು ಮುಂದೆ ಕಳುಹಿಸಿ ಶತ್ರುಗಳನ್ನು ಹೊರಡಿಸುತ್ತೇನೆ, ಆದರೆ ನಾನು ನಿಮ್ಮ ನಡುವೆ ಬರುವುದಿಲ್ಲ ಎಂಬುದು ಅದರ ತಾತ್ಪರ್ಯ. ಕೇಳಿದ್ದೆಲ್ಲವೂ ಸಿಗುತ್ತಿತ್ತು: ನೆಲ, ಜಯ, ಸಮೃದ್ಧಿ, ದೇವದೂತನ ಕಾವಲು. ಅಷ್ಟಿದ್ದರೂ ಜನರು ಆ ಮಾತನ್ನು ಕೇಳಿ ದುಃಖಪಟ್ಟರು, ಒಡವೆಗಳನ್ನು ತೆಗೆದಿಟ್ಟರು. ನಿನ್ನ ಸನ್ನಿಧಿ ನಮ್ಮೊಡನೆ ಬಾರದಿದ್ದರೆ ನಮ್ಮನ್ನು ಇಲ್ಲಿಂದ ಹೊರಡಿಸಲೇಬೇಡ ಎಂದು ಮೋಶೆ ಬೇಡಿಕೊಂಡನು. ದೇವರಿಲ್ಲದ ಕಾನಾನಿಗಿಂತ, ಅಂದರೆ ವಾಗ್ದಾನದ ಆ ದೇಶಕ್ಕಿಂತ, ದೇವರಿರುವ ಮರುಭೂಮಿಯೇ ಲೇಸೆಂದು ಆತನು ನಿರ್ಧರಿಸಿದ್ದನು.

ಇದಾದ ಮೇಲೆಯೇ ಅದೇ ಜನರು ಆರಾಧನೆಗೆಂದು ಕಟ್ಟಿದ ದೇವದರ್ಶನದ ಗುಡಾರಕ್ಕಾಗಿ ಮುರುವು, ಉಂಗುರ, ಕಂಠಮಾಲೆಗಳನ್ನು ತಂದು ಸುರಿದರು. ಕೆಲಸದವರು ಸಾಕೆಂದರೂ ಕಾಣಿಕೆ ನಿಲ್ಲದೆ, ಇನ್ನು ತರಬಾರದೆಂದು ಮೋಶೆ ಪಾಳೆಯದಲ್ಲೆಲ್ಲಾ ಸಾರಿಸಬೇಕಾಯಿತು. ಬಸವನಿಗೂ ಗುಡಾರಕ್ಕೂ ಬಂಗಾರ ಕೊಟ್ಟವರು ಒಂದೇ ಜನ. ಮೊದಲನೆಯದು ಕಾಣದ ದೇವರ ಬದಲಿಗೆ ಕಾಣುವ ಹೊಳಪನ್ನು ನಿಲ್ಲಿಸುವುದಕ್ಕಾಗಿ ಬಂತು. ಎರಡನೆಯದು, ದೇವರು ನಮ್ಮ ಸಂಗಡ ಬರುತ್ತೇನೆಂದು ಮಾತು ಕೊಟ್ಟ ಮೇಲೆ ಹುಟ್ಟಿದ ಕೃತಜ್ಞತೆಯಿಂದ ಬಂತು. ನಿಮ್ಮ ಸಭೆಯ ಕಟ್ಟಡ ಇವೆರಡರಲ್ಲಿ ಯಾವುದರಿಂದ ಹುಟ್ಟುತ್ತಿದೆ ಎಂಬುದನ್ನು ನೀವು ಒಟ್ಟಾಗಿ ಪ್ರಾರ್ಥನೆಯಲ್ಲಿ ವಿಚಾರಿಸಬೇಕು.

ಸೊಲೊಮೋನನ ವಿಷಯಕ್ಕೆ ಬರುವುದಾದರೆ, ಏಳು ವರ್ಷ ಕಟ್ಟಿಸಿದ ಆಲಯದ ಪ್ರತಿಷ್ಠೆಯ ದಿನವೇ ಆತನು, ಆಕಾಶವೂ ಉನ್ನತೋನ್ನತವಾದ ಆಕಾಶವೂ ನಿನಗೆ ಸಾಲದಿರುವಾಗ ಈ ಮಂದಿರ ಹೇಗೆ ಸಾಕಾದೀತು ಎಂದು ಒಪ್ಪಿಕೊಂಡನು. ಮುಂದಿನ ಪೀಳಿಗೆಗಳು ಆ ದೀನತೆಯನ್ನು ಮರೆತವು. ಬಡವರನ್ನೂ ವಿಧವೆಯರನ್ನೂ ಹಿಂಸಿಸುತ್ತಲೇ ಇದು ಯೆಹೋವನ ಆಲಯ, ಯೆಹೋವನ ಆಲಯ ಎಂದು ಭರವಸೆ ಇಟ್ಟವರನ್ನು ಪ್ರವಾದಿ ಯೆರೆಮೀಯನು ಬಾಗಿಲಲ್ಲೇ ನಿಂತು ಗದರಿಸಿದನು. ದೇವರ ಮಹಿಮೆ ಹೊಸ್ತಿಲಿಗೆ ಬಂದು, ಮೂಡಣ ಬಾಗಿಲು ದಾಟಿ, ಪಟ್ಟಣದ ಪೂರ್ವದ ಬೆಟ್ಟಕ್ಕೆ ಸರಿದುದನ್ನು ಪ್ರವಾದಿ ಯೆಹೆಜ್ಕೇಲನು ದರ್ಶನದಲ್ಲಿ ಕಂಡನು. ಆಗ ಕಟ್ಟಡ ಇನ್ನೂ ನಿಂತೇ ಇತ್ತು. ಬಾಬೆಲಿನವರು ಅದನ್ನು ಸುಟ್ಟದ್ದು ಅದಾದ ಕೆಲವು ವರ್ಷಗಳ ಮೇಲೆ, ಕ್ರಿ.ಪೂ. 586ರ ಸುಮಾರಿಗೆ.

ಇನ್ನೊಂದು ಕಡೆಯ ತಪ್ಪನ್ನೂ ಹೇಳಲೇಬೇಕು. ತಾವು ಹಲಗೆ ಹೊದಿಸಿದ ಮನೆಗಳಲ್ಲಿ ಸುಖವಾಗಿದ್ದು ಸುಟ್ಟುಹೋದ ದೇವಾಲಯವನ್ನು ಹಾಳುಬಿಟ್ಟವರನ್ನು ಪ್ರವಾದಿ ಹಗ್ಗಾಯನು ಕ್ರಿ.ಪೂ. 520ರಲ್ಲಿ ಖಂಡಿಸಿದನು. ಸನ್ನಿಧಿ ದೊಡ್ಡದೆಂಬ ಮಾತು ನಮ್ಮ ಜಿಪುಣತನಕ್ಕೆ ಮರೆಯಾಗಬಾರದು. ಅದರ ಜಾಗದಲ್ಲಿ ಎದ್ದ ಎರಡನೆಯ ಆಲಯವನ್ನು ಹಿಂದಿನದರ ಮುಂದೆ ಏನೂ ಅಲ್ಲವೆಂದು ಕಂಡ ಹಿರಿಯರಿಗೆ ದೇವರು ಮೊದಲು ಹೇಳಿದ್ದು, ನನ್ನ ಆತ್ಮವು ನಿಮ್ಮ ನಡುವೆ ನೆಲೆಸಿದೆ, ಹೆದರಬೇಡಿ ಎಂಬ ಮಾತನ್ನು. ಮಹಿಮೆಯ ವಾಗ್ದಾನ ಆಮೇಲೆ ಬಂತು. ಅದು ನೆರವೇರಿದ ಬಗೆಯನ್ನು ನಾನು ಲೂಕನ ಸುವಾರ್ತೆಯಲ್ಲಿ ಕಾಣುತ್ತೇನೆ: ಕುರಿಮರಿ ತರಲು ಶಕ್ತಿಯಿಲ್ಲದವರಿಗೆ ಧರ್ಮಶಾಸ್ತ್ರ ಅನುಮತಿಸಿದ ಎರಡು ಹಕ್ಕಿಗಳ ಕಾಣಿಕೆಯೊಡನೆ ಮರಿಯಳೂ ಯೋಸೇಫನೂ ಆ ಅಂಗಳಕ್ಕೆ ಬಂದರು, ಅವರ ಕೈಯಲ್ಲಿದ್ದ ಕೂಸನ್ನು ಮುದುಕನಾದ ಸಿಮೆಯೋನನು ಅಪ್ಪಿಕೊಂಡು ಇಸ್ರಾಯೇಲಿನ ಮಹಿಮೆ ಎಂದು ಕರೆದನು.

ಮಾರ್ಕನ ಸುವಾರ್ತೆಯ 12ನೆಯ ಅಧ್ಯಾಯದ ಕೊನೆಯನ್ನೂ 13ನೆಯದರ ಆರಂಭವನ್ನೂ ನಿಮ್ಮ ಕಟ್ಟಡ ಸಮಿತಿಯಲ್ಲಿ ಗಟ್ಟಿಯಾಗಿ ಓದಿರಿ ಎಂದು ಕೇಳಿಕೊಳ್ಳುತ್ತೇನೆ. ವಿಧವೆಯರ ಮನೆಗಳನ್ನು ನುಂಗುವ ಶಾಸ್ತ್ರಿಗಳ ಬಗ್ಗೆ ಯೇಸು ಎಚ್ಚರಿಸುತ್ತಾನೆ, ಕೂಡಲೇ ಒಬ್ಬ ಬಡ ವಿಧವೆ ತನ್ನ ಎರಡು ಕಾಸುಗಳನ್ನು ಹಾಕುತ್ತಾಳೆ, ಅಲ್ಲಿಂದ ಹೊರಬರುವಾಗಲೇ ಒಬ್ಬ ಶಿಷ್ಯನು ಎಂಥ ಕಲ್ಲುಗಳು, ಎಂಥ ಕಟ್ಟಡಗಳು ಎಂದು ಬೆರಗಾಗುತ್ತಾನೆ. ಕಲ್ಲಿನ ಮೇಲೆ ಕಲ್ಲು ನಿಲ್ಲದೆಂದು ಯೇಸು ಹೇಳಿದ್ದು ಕ್ರಿ.ಶ. 70ರಲ್ಲಿ ರೋಮನರ ಕೈಯಿಂದ ನಡೆಯಿತು. ಆ ಹೆಂಗಸಿನ ಕಾಸುಗಳನ್ನು ಆತನು ನೋಡಿದ ಕಣ್ಣಿನಿಂದ ನಿಮ್ಮ ಸಭೆಯ ಚಂದಾಪಟ್ಟಿಯನ್ನೂ ನೋಡಬೇಕು.

ಜನ ಹೆಚ್ಚಿ ಜಾಗ ಸಾಲದಿದ್ದರೆ ಸಂತೋಷದಿಂದ ಕಟ್ಟಿರಿ, ಅಂದವಾಗಿಯೇ ಕಟ್ಟಿರಿ. ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್‌ನ ಗೋಡೆಗಳಲ್ಲಿ ಇಟಲಿಯ ಜೆಸ್ವಿಟ್ ಸಹೋದರ ಆಂಟೋನಿಯೋ ಮೊಸ್ಕೇನಿ ಬರೆದ ಚಿತ್ರಗಳು ಎಷ್ಟೋ ಮಂದಿಯನ್ನು ಪ್ರಾರ್ಥನೆಗೆ ಎಳೆದಿವೆ. ಆದರೆ ಸಾಲದ ಹೊರೆ ಹೊತ್ತು, ಕೊಡಲಾಗದ ಕುಟುಂಬದವರ ಹೆಸರನ್ನು ಸಭೆಯ ಮುಂದೆ ಓದಿ ನಾಚಿಸಿ, ಪಕ್ಕದ ಊರಿನ ಗೋಪುರಕ್ಕೆ ಸಮನಾಗಲೆಂದು ಕಟ್ಟುವುದಾದರೆ, ಹಂಚಿನ ಮಾಡನ್ನೇ ರಿಪೇರಿ ಮಾಡಿಸಿ ಅಲ್ಲಿಯೇ ಕೂಡಿಬರುವುದು ಉತ್ತಮವೆಂದು ನನ್ನ ದೃಢವಾದ ಅಭಿಪ್ರಾಯ.

ಪ್ರಶ್ನೆ: ದೇವರು ಎಲ್ಲೆಲ್ಲಿಯೂ ಇರುವುದಾದರೆ, ಆತನ ಸನ್ನಿಧಿ ಬರುವುದು, ಹೋಗುವುದು ಎಂದರೇನು? (ಇನ್ನೊಬ್ಬ ಓದುಗರು)

ಉತ್ತರ: 139ನೆಯ ಕೀರ್ತನೆ ಹೇಳುವಂತೆ ಆತನು ಇಲ್ಲದ ಸ್ಥಳವಿಲ್ಲ. ಮೋಶೆ ಬೇಡಿದ್ದು ಒಡಂಬಡಿಕೆಯ ಸಂಗವನ್ನು, ಅಂದರೆ ದೇವರು ತನ್ನ ಜನರೊಡನೆ ಮಾತಾಡುತ್ತಾ, ಕ್ಷಮಿಸುತ್ತಾ, ತಿದ್ದುತ್ತಾ ನಡೆಯುವುದನ್ನು. ನಾವು ನಿನ್ನ ಜನರೆಂದು ಬೇರೆ ಹೇಗೆ ತಿಳಿದೀತು ಎಂದು ಮೋಶೆ ಕೇಳಿದ್ದೂ ಅದಕ್ಕಾಗಿಯೇ. ತನ್ನ ಹೆಸರಿನಲ್ಲಿ ಇಬ್ಬರು ಮೂವರು ಕೂಡಿದಲ್ಲಿ ತಾನಿರುವೆನೆಂದು ಕ್ರಿಸ್ತನು ಕೊಟ್ಟ ಮಾತಿನಲ್ಲಿರುವುದೂ ಇದೇ ಸಂಗ. ಅದಕ್ಕೆ ಆತನು ಕಟ್ಟಡದ ಷರತ್ತನ್ನು ಹಾಕಲಿಲ್ಲ.