ಏರಿನಲ್ಲಿ 15, ಇಳಿಜಾರಿನಲ್ಲಿ 45: ಆ ಉತ್ತರವನ್ನು ದಯವಿಟ್ಟು ತಿದ್ದಿ

ಸರ್, ಭಾನುವಾರದ ಲಾಂಗ್ ರೈಡ್‌ನ ವಿರಾಮದಲ್ಲಿ ಕೇಳಲೆಂದು ತಾವು ಗುಂಪಿನಲ್ಲಿ ಹಾಕಿರುವ ಎಂಟು ಒಗಟುಗಳನ್ನೂ ಓದಿದೆ. ಮೂರನೆಯದನ್ನು ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ. ಸವಾರನೊಬ್ಬ ಗುಡ್ಡವನ್ನು ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ಹತ್ತುತ್ತಾನೆ, ಅದೇ ದಾರಿಯಲ್ಲಿ ಇಳಿದು ಬಂದಾಗ ಒಟ್ಟು ಸರಾಸರಿ 30 ಆಗಿರಬೇಕಾದರೆ ಯಾವ ವೇಗದಲ್ಲಿ ಇಳಿಯಬೇಕು ಎಂದು ಕೇಳಿ, ಕೆಳಗೆ 45 ಎಂಬ ಉತ್ತರ ಕೊಟ್ಟಿದ್ದೀರಿ. ಇದೇ ಪ್ರಶ್ನೆಯನ್ನು ಇದೇ ಉತ್ತರದೊಂದಿಗೆ ನಾನೂ ಒಮ್ಮೆ ಮೂವತ್ತು ಜನರ ಮುಂದೆ ಕೇಳಿದ್ದೆ. ಆ ತಪ್ಪು ತಮ್ಮಿಂದ ಮತ್ತೆ ಆಗಬಾರದೆಂದು ಇಷ್ಟು ಉದ್ದವಾಗಿ ಬರೆಯುತ್ತಿದ್ದೇನೆ.

ಗುಡ್ಡದ ದಾರಿ 15 ಕಿಲೋಮೀಟರ್ ಎಂದು ಇಟ್ಟುಕೊಳ್ಳಿ. ಹತ್ತುವುದಕ್ಕೇ ಒಂದು ಗಂಟೆ ಹಿಡಿಯಿತು. ಹೋಗಿಬರುವ ದಾರಿ 30 ಕಿಲೋಮೀಟರ್, ಸರಾಸರಿ 30 ಬೇಕೆಂದರೆ ಇಡೀ ಪಯಣಕ್ಕೆ ಇರುವುದು ಒಂದೇ ಗಂಟೆ. ಅಂದರೆ ಸವಾರ ಗುಡ್ಡದ ತುದಿ ಮುಟ್ಟುವ ಹೊತ್ತಿಗೆ ಅವನ ಪಾಲಿನ ಸಮಯವೆಲ್ಲ ಮುಗಿದಿರುತ್ತದೆ. ಇಳಿಯಲು ಒಂದು ಸೆಕೆಂಡೂ ಉಳಿದಿಲ್ಲ. 45ರಲ್ಲಿ ಇಳಿದರೆ ಇಪ್ಪತ್ತು ನಿಮಿಷ ಬೇಕು, ಸರಾಸರಿ 22.5ಕ್ಕೆ ನಿಲ್ಲುತ್ತದೆ. 60ರಲ್ಲಿ ಇಳಿದರೆ 24. ಯಾವ ಸವಾರನೂ ಇಳಿಯಬಾರದ 90ರ ವೇಗದಲ್ಲಿ ಇಳಿದರೂ 26ನ್ನು ಮುಟ್ಟುವುದಿಲ್ಲ. ಸರಿಯಾದ ಉತ್ತರ ‘ಸಾಧ್ಯವಿಲ್ಲ’ ಎಂಬುದೊಂದೇ, ಮತ್ತು ಈ ಒಗಟಿನ ಸೊಗಸೆಲ್ಲ ಇರುವುದು ಆ ಉತ್ತರದಲ್ಲಿಯೇ.

ನಾನು ಕೇಳಿದ ದಿನ ಗುಂಪಿನಲ್ಲಿ ಹೊಸದಾಗಿ ಸೇರಿದ ಹುಡುಗಿಯೊಬ್ಬಳಿದ್ದಳು. ಉಳಿದವರೆಲ್ಲ 45 ಎಂದು ಕೂಗುತ್ತಿದ್ದಾಗ ಆಕೆ ಮೆಲ್ಲಗೆ ‘ಆಗುವುದಿಲ್ಲವಲ್ಲ ಸರ್’ ಎಂದಳು. ಇನ್ನೊಮ್ಮೆ ಯೋಚಿಸಿ ಹೇಳಮ್ಮ ಎಂದು ನಾನು ಆಕೆಯ ಮಾತನ್ನು ಅಲ್ಲಿಗೇ ಮೊಟಕುಗೊಳಿಸಿ, ಮೊದಲು 45 ಎಂದವರಿಗೆ ಬಹುಮಾನ ಕೊಟ್ಟೆ. ಆಕೆ ವಾದಿಸಲಿಲ್ಲ. ವಿರಾಮದ ನಂತರ ಸಿಕ್ಕಿದ್ದು ಒಂದು ಉದ್ದನೆಯ ಏರು, ಅದರ ಬೆನ್ನಿಗೇ ಹೆಚ್ಚುಕಡಿಮೆ ಅಷ್ಟೇ ಉದ್ದದ ಇಳಿಜಾರು. ಏರಿನ ಬುಡದಲ್ಲಿ ಸೈಕಲ್ ಕಂಪ್ಯೂಟರಿನಲ್ಲಿ ಹೊಸ ಲ್ಯಾಪ್ ಒತ್ತಿದ್ದೆ, ಅಂದರೆ ಅಲ್ಲಿಂದ ಹೊಸ ಲೆಕ್ಕ. ಹದಿನೈದರ ಆಸುಪಾಸಿನಲ್ಲಿ ಹತ್ತಿ, ನಲವತ್ತೈದರ ಆಸುಪಾಸಿನಲ್ಲಿ ಇಳಿದು, ಕೆಳಗೆ ಬಂದು ಪರದೆಯನ್ನು ನೋಡಿದರೆ ಆ ಲ್ಯಾಪಿನ ಸರಾಸರಿ 23ನ್ನೂ ಮುಟ್ಟಿರಲಿಲ್ಲ. ಯಂತ್ರ ಕೆಟ್ಟಿದೆ ಎಂದೇ ಮೊದಲು ಅನ್ನಿಸಿತು. ಆಮೇಲೆ ಹ್ಯಾಂಡಲ್ ಹಿಡಿದುಕೊಂಡೇ ಮನಸ್ಸಿನಲ್ಲಿ ಗಂಟೆ, ನಿಮಿಷಗಳ ಲೆಕ್ಕ ಹಾಕಿದೆ. ಮುಂದಿನ ವಾರ ಎಲ್ಲರೆದುರು ತಪ್ಪೊಪ್ಪಿಕೊಂಡು ಆಕೆಗೂ ಬಹುಮಾನ ಕೊಟ್ಟೆನಾದರೂ, ಬಹಳ ತಿಂಗಳು ಆಕೆ ನನ್ನ ಯಾವ ಪ್ರಶ್ನೆಗೂ ಬಾಯಿ ತೆರೆಯಲಿಲ್ಲ. ಒಗಟು ಕೇಳುವವನ ಕೈಯಲ್ಲಿ ತಪ್ಪು ಉತ್ತರವಿದ್ದರೆ ಸರಿಯಾಗಿ ಯೋಚಿಸಿದವರೇ ಪೆಟ್ಟು ತಿನ್ನುತ್ತಾರೆ ಎಂಬುದನ್ನು ನಾನು ಅಂದು ಕಂಡಿದ್ದೇನೆ.

ಆ ದಿನದಿಂದ ನಾನು ಬಿಡದೆ ಪಾಲಿಸುತ್ತಿರುವ ಕ್ರಮವೊಂದಿದೆ. ಒಗಟನ್ನು ಕಾಗದದ ಮೇಲೆ ಮೂರು ಕಾಲಂ ಮಾಡಿ ಬರೆಯುತ್ತೇನೆ: ದೂರ, ಸಮಯ, ವೇಗ. ದೂರ ಮತ್ತು ಸಮಯದ ಕಾಲಂಗಳು ತುಂಬುವವರೆಗೆ ವೇಗದ ಕಾಲಂನಲ್ಲಿ ಸರಾಸರಿಯನ್ನು ಬರೆಯುವಂತಿಲ್ಲ. ದೂರವನ್ನು ಪ್ರಶ್ನೆಯಲ್ಲಿ ಕೊಟ್ಟಿರದಿದ್ದರೆ 15 ಕಿಲೋಮೀಟರ್ ಎಂದು ಒಮ್ಮೆ, 3 ಕಿಲೋಮೀಟರ್ ಎಂದು ಇನ್ನೊಮ್ಮೆ ಇಟ್ಟು ನೋಡುತ್ತೇನೆ. ಎರಡು ಸಲವೂ ಒಂದೇ ಉತ್ತರ ಬಂದರೆ ದೂರವನ್ನು ಹೇಳದಿದ್ದರೂ ನಡೆಯುತ್ತದೆ. ಬೇರೆಬೇರೆ ಬಂದರೆ ಪ್ರಶ್ನೆಯೇ ಅಪೂರ್ಣ. ಕೊನೆಗೆ, ಸಿಕ್ಕ ಉತ್ತರವನ್ನು ಪ್ರಶ್ನೆಯೊಳಗೆ ಹಾಕಿ ಹಿಂದಿನಿಂದ ಲೆಕ್ಕ ಮಾಡುತ್ತೇನೆ. 45ನ್ನು ಹಾಗೊಮ್ಮೆ ಹಿಂದಿನಿಂದ ನೋಡಿದ್ದರೆ ನನ್ನ ತಪ್ಪು ಅರ್ಧ ನಿಮಿಷದಲ್ಲಿ ಬಯಲಾಗುತ್ತಿತ್ತು.

ತಮ್ಮ ಐದನೆಯ ಒಗಟೂ ಅಪೂರ್ಣವಾಗಿದೆ, ಆದರೆ ಕಾರಣ ಬೇರೆ. ‘ಓಟಗಾರ್ತಿ ಮೊದಲರ್ಧ 4 ನಿಮಿಷದ ಪೇಸ್‌ನಲ್ಲಿ, ಉಳಿದರ್ಧ 6 ನಿಮಿಷದ ಪೇಸ್‌ನಲ್ಲಿ ಓಡಿದರೆ ಸರಾಸರಿ ಪೇಸ್ ಎಷ್ಟು’ ಎಂದು ಕೇಳಿದ್ದೀರಿ. ಯಾವುದರ ಅರ್ಧ? ದೂರದ ಅರ್ಧವಾದರೆ ಉತ್ತರ ನೇರವಾಗಿ 5 ನಿಮಿಷ, ಏಕೆಂದರೆ ಪೇಸ್ ಎಂಬುದು ಕಿಲೋಮೀಟರಿಗೆ ಹಿಡಿದ ಸಮಯ. ಸಮ ದೂರಗಳಲ್ಲಿ ಅದನ್ನು ಕೂಡಿ ಎರಡರಿಂದ ಭಾಗಿಸಬಹುದು. ಸಮಯದ ಅರ್ಧವಾದರೆ ಮೊದಲು ಗಂಟೆಗೆ 15, ಆಮೇಲೆ ಗಂಟೆಗೆ 10, ಸರಾಸರಿ 12.5, ಅಂದರೆ 4 ನಿಮಿಷ 48 ಸೆಕೆಂಡಿನ ಪೇಸ್. ಓಟಗಾರರು ಪೇಸ್‌ನಲ್ಲಿಯೂ ಸೈಕಲ್ ಸವಾರರು ವೇಗದಲ್ಲಿಯೂ ಮಾತನಾಡುವುದರಿಂದ, ಎರಡೂ ಬಗೆಯವರಿರುವ ನಮ್ಮಂಥ ಗುಂಪಿನಲ್ಲಿ ಈ ಗೊಂದಲ ಮತ್ತೆ ಮತ್ತೆ ತಲೆ ಎತ್ತುತ್ತದೆ.

ಇಲ್ಲಿಯೇ ಇನ್ನೊಂದು ಮಾತನ್ನು ಸ್ವಲ್ಪ ಕಟುವಾಗಿಯೇ ಹೇಳಬೇಕಾಗಿದೆ. 4 ನಿಮಿಷ 30 ಸೆಕೆಂಡನ್ನು 4.30 ಎಂದು ಚುಕ್ಕೆ ಇಟ್ಟು ಬರೆಯುವುದನ್ನು ಗುಂಪಿನವರೆಲ್ಲರೂ ನಿಲ್ಲಿಸಬೇಕು. ಅದು ದಶಮಾಂಶದಲ್ಲಿ 4.5. ಮೇಲಿನ ಒಗಟಿನಲ್ಲಿ 4.8 ನಿಮಿಷ ಎಂದು ಬಂದ ಉತ್ತರವನ್ನು 4 ನಿಮಿಷ 80 ಸೆಕೆಂಡು ಎಂದು ಓದಿ ನಂತರ 5:20 ಎಂದು ‘ಸರಿಪಡಿಸಿದವರನ್ನು’ ನಾನು ನೋಡಿದ್ದೇನೆ. ನಿಮಿಷ ಸೆಕೆಂಡುಗಳ ನಡುವೆ ಎರಡು ಚುಕ್ಕೆ ಇಡಿ, ಇಲ್ಲವೇ ಪದಗಳಲ್ಲಿ ಬರೆಯಿರಿ. ಲೆಕ್ಕಕ್ಕೆ ಫೋನಿನ ಕ್ಯಾಲ್ಕುಲೇಟರಿಗಿಂತ ಕ್ಯಾಸಿಯೋ ಎಫ್‌ಎಕ್ಸ್ ಸರಣಿಯ ಸೈಂಟಿಫಿಕ್ ಕ್ಯಾಲ್ಕುಲೇಟರ್ ಉತ್ತಮ ಎಂಬುದು ನನ್ನ ಅಭಿಪ್ರಾಯ. ಅದರಲ್ಲಿರುವ ಡಿಗ್ರಿ-ಮಿನಿಟ್-ಸೆಕೆಂಡ್ ಕೀಲಿಯಿಂದ ಗಂಟೆ, ನಿಮಿಷ, ಸೆಕೆಂಡುಗಳನ್ನು ಹಾಗೆಯೇ ಕೂಡಿ ಕಳೆಯಬಹುದು. ಅದೇ ಕ್ಯಾಸಿಯೋದ ಎಫ್-91ಡಬ್ಲ್ಯೂ ಕೈಗಡಿಯಾರ ನನಗೆ ಬಹಳ ಪ್ರಿಯವಾದರೂ ಅದರ ಸ್ಟಾಪ್‌ವಾಚ್ ಒಂದು ಗಂಟೆ ತುಂಬಿದೊಡನೆ ಸೊನ್ನೆಗೆ ಮರಳುವುದರಿಂದ ಲಾಂಗ್ ರನ್‌ಗೆ ಆಗುವುದಿಲ್ಲ. ಓಟ, ಸವಾರಿಗಳನ್ನು ದಾಖಲಿಸುವ ಸ್ಟ್ರಾವಾ ಆ್ಯಪಿನಿಂದ ಅಂಕಿ ತೆಗೆದು ಒಗಟು ಕಟ್ಟುವವರು ಮೂವಿಂಗ್ ಟೈಮ್ (ಚಲಿಸಿದ ಸಮಯ ಮಾತ್ರ) ತೆಗೆದುಕೊಂಡರೋ ಎಲ್ಯಾಪ್ಸ್‌ಡ್ ಟೈಮ್ (ನಿಂತದ್ದೂ ಸೇರಿದ ಒಟ್ಟು ಸಮಯ) ತೆಗೆದುಕೊಂಡರೋ ಎಂಬುದನ್ನು ಪ್ರಶ್ನೆಯಲ್ಲಿಯೇ ಹೇಳಬೇಕು. ನೀರು, ತಿಂಡಿ ಕೊಡುವ ಏಡ್ ಸ್ಟೇಷನ್‌ನಲ್ಲಿ ನಿಂತ ಆರು ನಿಮಿಷ ಒಂದರಲ್ಲಿ ಇರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ.

ಏಳನೆಯ ಒಗಟಿನಲ್ಲಿ ಮ್ಯಾರಥಾನ್ ದೂರವನ್ನು 42 ಕಿಲೋಮೀಟರ್ ಎಂದು ಹಿಡಿದಿದ್ದೀರಿ. 42.195 ಎಂದೇ ಹಿಡಿಯಬೇಕು. 195 ಮೀಟರಿನಿಂದ ಏನಾದೀತು ಎನ್ನುವವರಿಗೆ ಕೀನ್ಯಾದ ಓಟಗಾರ ಎಲಿಯುಡ್ ಕಿಪ್ಚೋಗೆ 2019ರ ಅಕ್ಟೋಬರ್ 12ರಂದು ವಿಯೆನ್ನಾದಲ್ಲಿ ಓಡಿದ 1:59:40ರ ಉದಾಹರಣೆಯನ್ನು ಕೊಡುತ್ತೇನೆ. ಅಧಿಕೃತ ದಾಖಲೆ ಎಂದು ಅದು ಪರಿಗಣಿತವಾಗಲಿಲ್ಲವಾದರೂ ದೂರ ಪೂರ್ತಿಯಾಗಿತ್ತು. ಎರಡು ಗಂಟೆಯ ಗೆರೆಗಿಂತ ಅವರು ಮುಂದಿದ್ದದ್ದು 20 ಸೆಕೆಂಡು. ಅವರ ಪೇಸ್ ಕಿಲೋಮೀಟರಿಗೆ ಸುಮಾರು 2:50. ಆ ಪೇಸ್‌ನಲ್ಲಿ 195 ಮೀಟರಿಗೆ 33 ಸೆಕೆಂಡು ಬೇಕು. ನಾವು ಬಿಟ್ಟುಬಿಡುವ ತುಣುಕು, ಅವರು ಎರಡು ಗಂಟೆಯ ಗೆರೆಯನ್ನು ದಾಟಿದ ಅಂತರಕ್ಕಿಂತ ದೊಡ್ಡದು.

ಆ 195 ಮೀಟರಿನಿಂದಲೇ ಹುಟ್ಟುವ ಒಗಟೊಂದು ನನಗೆ ಎಲ್ಲಕ್ಕಿಂತ ಇಷ್ಟ. ಒಬ್ಬಾಕೆ 10 ಕಿಲೋಮೀಟರನ್ನು ಸರಿಯಾಗಿ 50 ನಿಮಿಷದಲ್ಲಿ, ಪೇಸ್ ಏರಿಳಿಸುತ್ತ ಓಡಿದಳು. ದಾರಿಯಲ್ಲಿ ಎಲ್ಲಿಯಾದರೂ ಸತತವಾದ ಒಂದು ಕಿಲೋಮೀಟರನ್ನು ಸರಿಯಾಗಿ 5 ನಿಮಿಷಕ್ಕೆ ಓಡಿರಲೇಬೇಕೇ? ಓಡಿರಲೇಬೇಕು. ಹತ್ತೂ ಕಿಲೋಮೀಟರುಗಳ ಸ್ಪ್ಲಿಟ್‌ಗಳನ್ನು, ಅಂದರೆ ಒಂದೊಂದಕ್ಕೂ ಹಿಡಿದ ಸಮಯವನ್ನು, ನೋಡಿ: ಎಲ್ಲವೂ 5 ನಿಮಿಷವಾಗಿದ್ದರೆ ಮಾತು ಮುಗಿಯಿತು, ಇಲ್ಲವಾದರೆ ಒಂದಾದರೂ 5ಕ್ಕಿಂತ ಕಡಿಮೆ, ಒಂದಾದರೂ 5ಕ್ಕಿಂತ ಹೆಚ್ಚು ಇರುತ್ತದೆ. ಒಂದು ಕಿಲೋಮೀಟರ್ ಉದ್ದದ ಕಿಟಕಿಯೊಂದನ್ನು ಆ ಕಡಿಮೆಯ ಜಾಗದಿಂದ ಹೆಚ್ಚಿನ ಜಾಗಕ್ಕೆ ಮೆಲ್ಲನೆ ಜರುಗಿಸಿದರೆ ನಡುವೆ ಎಲ್ಲೋ ಒಂದು ಕಡೆ ಸರಿಯಾಗಿ 5ನ್ನು ದಾಟಲೇಬೇಕು. ಇದನ್ನು ಒಪ್ಪಿಕೊಂಡವರಿಗೆ ‘ಮ್ಯಾರಥಾನಿನಲ್ಲಿಯೂ ಹೀಗೆಯೇ ಆಗುತ್ತದೆಯೇ’ ಎಂದು ಕೇಳಿ. ಬಹುತೇಕರು ಹೌದು ಎನ್ನುತ್ತಾರೆ. ಆದರೆ ಅಲ್ಲಿ ಆಗಲೇಬೇಕೆಂದಿಲ್ಲ. ಓಟಗಾರನೊಬ್ಬ ಪ್ರತಿ ಕಿಲೋಮೀಟರಿನ ಮೊದಲ 195 ಮೀಟರನ್ನು 45 ಸೆಕೆಂಡಿನಲ್ಲಿ, ಉಳಿದ 805 ಮೀಟರನ್ನು 4:15ರಲ್ಲಿ ಓಡುತ್ತಾನೆ ಎನ್ನಿ. ಒಂದೊಂದು ತುಂಡಿನೊಳಗೂ ಪೇಸ್ ಏರಿಳಿಯಬಾರದು. ಆಗ ಕಿಟಕಿಯನ್ನು ಎಲ್ಲಿ ಇಟ್ಟರೂ ಅದರೊಳಗೆ ವೇಗದ 195 ಮೀಟರ್ ಮತ್ತು ನಿಧಾನದ 805 ಮೀಟರ್ ಸಿಗುವುದರಿಂದ ಯಾವ ಕಿಲೋಮೀಟರ್ ಆದರೂ 5:00. ಆದರೆ ಕೊನೆಯ 195 ಮೀಟರ್ ವೇಗದ ತುಂಡು. ಒಟ್ಟು ಸಮಯ 3:30:45, ಸರಾಸರಿ 5:00ಕ್ಕಿಂತ ಸೆಕೆಂಡಿನ ಮೂರನೇ ಒಂದರಷ್ಟು ಕಡಿಮೆ. ಅಂದರೆ ತನ್ನ ಸರಾಸರಿ ಪೇಸ್‌ಗೆ ಸರಿಹೊಂದುವ ಕಿಲೋಮೀಟರ್ ಒಂದನ್ನೂ ಅವನು ಓಡಲಿಲ್ಲ. ಇದನ್ನು ಮೊದಲ ಸಲ ಕಾಗದದ ಮೇಲೆ ಬಿಡಿಸಿದ ರಾತ್ರಿ ನಾನು ಬಹಳ ಹೊತ್ತು ನಿದ್ದೆ ಮಾಡಲಿಲ್ಲ.

ಆರನೆಯದರಲ್ಲಿ ‘ಕೊನೆಯವನನ್ನು ಹಿಂದಿಕ್ಕಿದರೆ ಎಷ್ಟನೆಯ ಸ್ಥಾನ’ ಎಂದು ಕೇಳಿ ‘ಅದು ಅಸಾಧ್ಯ’ ಎಂಬ ಹಳೆಯ ಉತ್ತರವನ್ನೇ ಕೊಟ್ಟಿದ್ದೀರಿ. ರಸ್ತೆ ಓಟಕ್ಕೆ ಅದು ಸರಿ. ಟ್ರ್ಯಾಕಿನಲ್ಲಿ 25 ಸುತ್ತಿನ 10,000 ಮೀಟರ್ ಓಡಿದವರು ಇದನ್ನು ಒಪ್ಪುವುದಿಲ್ಲ: ಮುಂಚೂಣಿಯಲ್ಲಿರುವವರು ಕೊನೆಯವರನ್ನು ಒಂದು ಸುತ್ತು ಹಿಂದಿಕ್ಕುವುದು ಅಲ್ಲಿ ಸಾಮಾನ್ಯ, ಮತ್ತು ಹಾಗೆ ಹಿಂದಿಕ್ಕಿದಾಗ ಅವರ ಸ್ಥಾನ ಬದಲಾಗುವುದಿಲ್ಲ. ಆದ್ದರಿಂದ ‘ರಸ್ತೆ ಓಟದಲ್ಲಿ, ಎಲ್ಲರೂ ಒಟ್ಟಿಗೆ ಹೊರಟಾಗ’ ಎಂದು ಸೇರಿಸಿ. ಟ್ರ್ಯಾಕಿನ ಮಾತು ಬಂದದ್ದರಿಂದ ಹೇಳುತ್ತೇನೆ, 10,000 ಮೀಟರನ್ನು ಪೂರ್ತಿಯಾಗಿ ಎರಡನೆಯ ಲೇನಿನಲ್ಲಿ ಓಡಿದರೆ ಎಷ್ಟು ಹೆಚ್ಚು ಓಡಿದಂತಾಗುತ್ತದೆ ಎಂಬುದು ಒಳ್ಳೆಯ ಪ್ರಶ್ನೆ. ಉತ್ತರ ಸುಮಾರು 176 ಮೀಟರ್. ಲೇನಿನ ಅಗಲ 1.22 ಮೀಟರ್ ಎಂದು ಲೆಕ್ಕ ಹಾಕಿದವರಿಗೆ 192ರ ಹತ್ತಿರ ಬರುತ್ತದೆ. ಮೊದಲ ಲೇನನ್ನು ಒಳ ಅಂಚಿನಿಂದ 30 ಸೆಂಟಿಮೀಟರ್ ಬಿಟ್ಟು, ಉಳಿದವನ್ನು ಗೆರೆಯಿಂದ 20 ಸೆಂಟಿಮೀಟರ್ ಬಿಟ್ಟು ಅಳೆಯುವುದರಿಂದ ಈ ಎರಡರ ನಡುವಿನ ಅಂತರ ಮಾತ್ರ 1.12 ಮೀಟರ್. ಈ ನಿಯಮವನ್ನು ಪ್ರಶ್ನೆಯಲ್ಲಿ ತಿಳಿಸದೆ ಉತ್ತರ ತಪ್ಪೆಂದು ಯಾರಿಗೂ ಹೇಳಬೇಡಿ.

ಎಂಟರಲ್ಲಿ ಹೆಚ್ಚಿನವು ಲೆಕ್ಕದ ಸಮಸ್ಯೆಗಳಾಗಿರುವುದರಿಂದ, ಬಾಯಿಮಾತಿನ ಒಗಟು ಇನ್ನೊಂದಾದರೂ ಇರಲಿ ಎಂಬುದು ನನ್ನ ಕೋರಿಕೆ. ನಾನು ಕಟ್ಟಿದ್ದು ಇದು: ‘ಗೆದ್ದವನೊಬ್ಬನೇ ಮುಗಿಸಿದವನು, ಮಿಕ್ಕವರೆಲ್ಲ ಮುಗಿಸದವರು, ಗೆದ್ದವನು ಎಷ್ಟು ದೂರ ಓಡಬೇಕೆಂದು ಗೊತ್ತುಮಾಡಿದವನು ಸೋತವನು, ಯಾವ ಓಟ?’ ಉತ್ತರ ಬ್ಯಾಕ್‌ಯಾರ್ಡ್ ಅಲ್ಟ್ರಾ. ಒಬ್ಬನೇ ಉಳಿಯುವವರೆಗೆ ಪ್ರತಿ ಗಂಟೆಗೆ 6.706 ಕಿಲೋಮೀಟರಿನ ಒಂದು ಸುತ್ತು. 24 ಗಂಟೆ ಓಡಿದರೆ ಸರಿಯಾಗಿ 100 ಮೈಲಿಯಾಗುವಂತೆ ಆ ದೂರವನ್ನು ಗೊತ್ತುಮಾಡಿದ್ದಾರೆ. ಎರಡನೆಯವನು 30 ಸುತ್ತಿಗೆ ನಿಂತರೆ ಗೆಲ್ಲುವವನು ಒಬ್ಬನೇ 31ನೆಯದನ್ನು ಮುಗಿಸಬೇಕು. ಮುಗಿಸದಿದ್ದರೆ ಆ ಓಟಕ್ಕೆ ವಿಜೇತರೇ ಇಲ್ಲ, ಎಲ್ಲರೂ ಡಿಎನ್‌ಎಫ್, ಅಂದರೆ ಮುಗಿಸದವರು.

ಯಾವಾಗ ಕೇಳಬೇಕು ಎಂಬುದೂ ಮುಖ್ಯ. ಸವಾರಿಯ ನಡುವೆ, ಅದರಲ್ಲೂ ಇಳಿಜಾರಿನಲ್ಲಿ, ಖಂಡಿತ ಕೇಳಬೇಡಿ. ನಾನು ಹ್ಯಾಂಡಲ್ ಹಿಡಿದು ಲೆಕ್ಕ ಹಾಕಿದ್ದೂ ತಪ್ಪೇ. ಓಟವಾದರೆ ಈಸಿ ರನ್‌ನಲ್ಲಿ ಕೇಳಬಹುದು: ಒಗಟನ್ನು ಪೂರ್ತಿ ವಾಕ್ಯದಲ್ಲಿ ಬಿಡಿಸಿ ಹೇಳಲು ಉಸಿರು ಸಾಲದಿದ್ದರೆ ಪೇಸ್ ಹೆಚ್ಚಾಯಿತೆಂದು ತಿಳಿಯಬಹುದು. ರೇಸಿನ ದಿನ ಬೆಳಿಗ್ಗೆ ಕಠಿಣ ಸಮಸ್ಯೆಗಳನ್ನು ಹಂಚುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಸಂಶೋಧಕ ಸಾಮುಯೆಲೆ ಮಾರ್ಕೋರಾ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, 90 ನಿಮಿಷ ತಲೆಗೆ ಕೆಲಸ ಕೊಟ್ಟ ನಂತರ ಸೈಕಲ್ ತುಳಿದವರು ಬೇರೆ ದಿನಕ್ಕಿಂತ ಬೇಗ ಕೈಚೆಲ್ಲಿದರು. ಒಂದೆರಡು ಒಗಟುಗಳಿಂದ ಅಷ್ಟು ದಣಿವಾಗುತ್ತದೆ ಎಂದು ನಾನು ಹೇಳುತ್ತಿಲ್ಲ. ಆದರೂ ಕಿಟಕಿಯ ಒಗಟಿನಂಥದ್ದನ್ನು ರೇಸ್ ಮುಗಿದ ಮೇಲೆ ಕೊಡಿ.

ಮೂರನೆಯ ಒಗಟನ್ನು ಅಳಿಸಬೇಡಿ, ಎರಡು ಭಾಗ ಮಾಡಿ. ಮೊದಲು ‘ಹತ್ತುವಾಗ 15, ಒಟ್ಟು ಸರಾಸರಿ 20 ಆಗಬೇಕಾದರೆ ಇಳಿಯುವಾಗ ಎಷ್ಟು’ ಎಂದು ಕೇಳಿ. ಬಹುತೇಕರು 25 ಎನ್ನುತ್ತಾರೆ. ಮೂರು ಕಾಲಂ ಹಾಕಿದವರಿಗೆ 30 ಸಿಗುತ್ತದೆ. ಅದು ಹೇಗೆಂದು ಎಲ್ಲರಿಗೂ ತಿಳಿದ ಮೇಲೆ ಸರಾಸರಿ 30ರ ಪ್ರಶ್ನೆಯನ್ನು ಕೇಳಿ, ಮತ್ತು ಯಾರಾದರೂ ಮೆಲ್ಲಗೆ ‘ಆಗುವುದಿಲ್ಲ’ ಎಂದರೆ ಏಕೆಂದು ವಿವರಿಸಲು ಅವರಿಗೇ ಅವಕಾಶ ಕೊಡಿ. 45 ಎಂಬ ಉತ್ತರವನ್ನು ಮಾತ್ರ ಇಂದೇ ತಿದ್ದಿ. ಅದನ್ನು ಆಗಲೇ ಇಬ್ಬರು ಬೇರೆ ಗುಂಪುಗಳಿಗೆ ಕಳುಹಿಸಿರುವುದಾಗಿ ಗುಂಪಿನಲ್ಲಿ ಬರೆದಿದ್ದಾರೆ, ಅಲ್ಲಿಯೂ ತಿದ್ದಲು ಅವರಿಗೆ ಹೇಳಿ.