ಬಿಲ್‌ನಲ್ಲಿ ಕೆಲವರ ಹೆಸರು ಮಾತ್ರ ಖಾಲಿ ಬಂದರೆ

ಒರಾಕಲ್ ಡೇಟಾಬೇಸ್‌ನಿಂದ ಪೋಸ್ಟ್‌ಗ್ರೆಸ್ ಡೇಟಾಬೇಸ್‌ಗೆ ಮೊಬೈಲ್ ಬಿಲ್ಲಿಂಗ್ ಸಾಗಿಸಿದ ಮೇಲೆ ಕೆಲವು ಗ್ರಾಹಕರ ಹೆಸರು ಮಾತ್ರ ಖಾಲಿ ಬರುತ್ತಿದೆ ಅಂದರೆ, ಡೇಟಾ ಕಳೆದಿರಲಿಕ್ಕಿಲ್ಲ, ಹೆಸರಿನ ತುಂಡುಗಳನ್ನು ಜೋಡಿಸುವ || ಚಿಹ್ನೆ ಕೈಕೊಟ್ಟಿರಬೇಕು. ಒರಾಕಲ್‌ನಲ್ಲಿ ಒಂದು ತುಂಡು ನಲ್ (ಅಂದರೆ ಮೌಲ್ಯವೇ ಇಲ್ಲ) ಇದ್ದರೂ ಉಳಿದದ್ದು ಬರುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಇಡೀ ಹೆಸರೇ ನಲ್. ನಮ್ಮ ಬೆಂಗಳೂರಲ್ಲಿ ಸರ್‌ನೇಮ್ ಇಲ್ಲದವರು ಜಾಸ್ತಿ ಅಲ್ವಾ, ಹೊಡೆತ ಬೀಳುವುದು ಅವರಿಗೇ.

ಮೊದಲು ಹಾಗೆ ಖಾಲಿ ಬಂದ ಹತ್ತು ಗ್ರಾಹಕರ ಸಾಲು ತೆಗೆದು ನೋಡಿ, ಹೆಸರಿನ ಯಾವುದಾದರೂ ಕಾಲಂ ನಲ್ ಇದೆಯಾ ಅಂತ. ಎಲ್ಲ ತುಂಬಿದ್ದೂ ಖಾಲಿ ಬಂದಿದ್ದರೆ ನನ್ನ ಊಹೆ ತಪ್ಪು, ಬಿಲ್ ಟೆಂಪ್ಲೇಟ್ ಕಡೆ ಹುಡುಕಿ. ನಲ್ ಇದ್ದರೆ ಕ್ವೆರಿ, ವ್ಯೂ (ಹೆಸರಿಟ್ಟು ಉಳಿಸಿದ ಕ್ವೆರಿ), ಫಂಕ್ಷನ್ ಎಲ್ಲದರಲ್ಲೂ || ಹುಡುಕಿ, ಆ ಜಾಗದಲ್ಲಿ ಕಾನ್‌ಕ್ಯಾಟ್_ಡಬ್ಲ್ಯೂಎಸ್ (concat_ws) ಫಂಕ್ಷನ್ ಹಾಕಿ, ಅದು ನಲ್ ಬಿಟ್ಟು ಉಳಿದದ್ದನ್ನು ಜೋಡಿಸುತ್ತದೆ. ಸುಮ್ನೆ ಒಂದೇ ವ್ಯೂ ತಿದ್ದಿ ಬಿಡಬೇಡಿ, ನಾನು ಹಾಗೆ ಮಾಡಿ ಮುಂದಿನ ತಿಂಗಳು ಮತ್ತೆ ಬೈಸಿಕೊಂಡೆ.

ಮೌಲ್ಯ ನಲ್ಲಾ ಅಂತ ಕೇಳುವ 'ಈಸ್ ನಲ್' (IS NULL) ಷರತ್ತುಗಳನ್ನೂ ನೋಡಿ. ಒರಾಕಲ್‌ಗೆ ಖಾಲಿ ಸ್ಟ್ರಿಂಗ್ (ಒಂದೂ ಅಕ್ಷರವಿಲ್ಲದ ಪಠ್ಯ) ಅಂದರೆ ನಲ್ಲೇ, ಪೋಸ್ಟ್‌ಗ್ರೆಸ್‌ಗೆ ಎರಡೂ ಬೇರೆ. ಅಪ್ಲಿಕೇಶನ್ ಖಾಲಿ ಸ್ಟ್ರಿಂಗ್ ಬರೆಯುತ್ತಿದ್ದರೆ ಕಾಲಂಗೆ ಅದನ್ನು ನಲ್ ಮಾಡುವ ನಲ್‌ಇಫ್ (NULLIF) ಫಂಕ್ಷನ್ ಸುತ್ತಿ. ಆಮೇಲೆ ಹಳೇ ತಿಂಗಳ ಬಿಲ್ ಎರಡೂ ಕಡೆ ಓಡಿಸಿ, ಹೆಸರು ಮತ್ತು ಮೊತ್ತ ಹೋಲಿಸಿ.