ಪತ್ರಿಕೋದ್ಯಮ ಪದವಿಗೆ ಏಳೂವರೆ ಲಕ್ಷ ಸಾಲ ಮಾಡಬಹುದೇ?

ಪ್ರಶ್ನೆ: ಮಗಳಿಗೆ ಬೆಂಗಳೂರಿನ ಖಾಸಗಿ ವಿಶ್ವವಿದ್ಯಾಲಯವೊಂದರಲ್ಲಿ ಮೂರು ವರ್ಷದ ಪತ್ರಿಕೋದ್ಯಮ ಮತ್ತು ಸಂವಹನ ಪದವಿಗೆ ಸೀಟು ಸಿಕ್ಕಿದೆ. ಫೀಸು, ಹಾಸ್ಟೆಲ್ ಸೇರಿ 9 ಲಕ್ಷ. ಕೈಯಲ್ಲಿ ಒಂದೂವರೆ ಲಕ್ಷ ಇದೆ. ಉಳಿದ ಏಳೂವರೆ ಲಕ್ಷವನ್ನು ಶೇ 10.5ರ ಬಡ್ಡಿಗೆ ಕೊಡಲು ಬ್ಯಾಂಕು ಒಪ್ಪಿದೆ. ನಮಗಿರುವುದು ಎರಡೂವರೆ ಎಕರೆ ಅಡಿಕೆ ತೋಟ. ಅವಳ ಸಂಬಳದಲ್ಲೇ ಸಾಲ ತೀರುತ್ತದೆಯೇ?
– ಓದುಗರು, ಹೊಳಲ್ಕೆರೆ

ಉತ್ತರ: ಮೊದಲ ಕೆಲವು ವರ್ಷವಂತೂ ತೀರುವುದಿಲ್ಲ, ಕಂತು ನಿಮ್ಮ ತೋಟದ ಮೇಲೇ ಬೀಳುತ್ತದೆ. ಲೆಕ್ಕ ನೋಡಿ.

ಬ್ಯಾಂಕು ವರ್ಷಕ್ಕೆ ಎರಡೂವರೆ ಲಕ್ಷದಂತೆ ಹಣ ಬಿಡುಗಡೆ ಮಾಡುತ್ತದೆ ಎಂದುಕೊಳ್ಳಿ. ಓದುವ ಮೂರು ವರ್ಷ, ಆಮೇಲೊಂದು ವರ್ಷ ಕಂತಿಲ್ಲ. ಬಡ್ಡಿ ಮಾತ್ರ ಮೊದಲ ದಿನದಿಂದಲೇ ಓಡುತ್ತದೆ. ಮೊದಲ ವರ್ಷದ ಹಣಕ್ಕೆ ನಾಲ್ಕು ವರ್ಷದ ಬಡ್ಡಿ 1,05,000, ಎರಡನೆಯದಕ್ಕೆ 78,750, ಮೂರನೆಯದಕ್ಕೆ 52,500. ಇದೆಲ್ಲ ಅಸಲಿಗೆ ಸೇರಿ ಕಂತು ಶುರುವಾಗುವ ಹೊತ್ತಿಗೆ ಸಾಲ 9,86,250 ಆಗಿರುತ್ತದೆ. ಹತ್ತು ವರ್ಷದ ಅವಧಿಗೆ ತಿಂಗಳಿಗೆ ಸುಮಾರು 13,300 ಕಟ್ಟಬೇಕು. ಹದಿನೈದು ವರ್ಷಕ್ಕೆ ಎಳೆದರೆ ಕಂತು 10,900ಕ್ಕೆ ಇಳಿಯುತ್ತದೆ, ಒಟ್ಟು ಕಟ್ಟುವ ಮೊತ್ತ 16 ಲಕ್ಷದಿಂದ 19.6 ಲಕ್ಷಕ್ಕೆ ಏರುತ್ತದೆ.

ಈಗ ಸಂಬಳ. ವರ್ಷಕ್ಕೆ 3 ಲಕ್ಷದ ಪ್ಯಾಕೇಜ್ ಸಿಕ್ಕಿತು ಎನ್ನೋಣ. ತಿಂಗಳಿಗೆ 25,000 ಕೈಗೆ ಬರುತ್ತದೆ ಎಂದು ಲೆಕ್ಕ ಹಾಕುವವರೇ ಹೆಚ್ಚು. ಮೂಲ ವೇತನ 12,500 ಇದ್ದರೆ ಕಂಪನಿ ಕಟ್ಟುವ ಪಿಎಫ್ 1,500, ಗ್ರಾಚ್ಯುಟಿಗೆಂದು (ಕೆಲಸ ಬಿಡುವಾಗ ಸಿಗುವ ಇಡುಗಂಟು) 600, ಅವಳ ಪಾಲಿನ ಪಿಎಫ್ 1,500, ಎಲ್ಲವೂ ಆ ಪ್ಯಾಕೇಜಿನೊಳಗಿಂದಲೇ ಹೋಗುತ್ತವೆ. ಕೈಗೆ ಬರುವುದು 21,400. ಪಿಜಿ, ಊಟಕ್ಕೆ 9,000, ಓಡಾಟ, ಫೋನು, ಬಟ್ಟೆಬರೆಗೆ 4,000 ಹಿಡಿದರೆ ಉಳಿಯುವುದು 8,400. ಕಂತು 13,300!

ಸುದ್ದಿಮನೆ, ಜಾಹೀರಾತು, ಪಿಆರ್ (ಸಾರ್ವಜನಿಕ ಸಂಪರ್ಕ) ಮೂರರಲ್ಲೂ ಆರಂಭದ ಸಂಬಳ ಕಡಿಮೆಯೇ. ಹಾಗಾಗಿ ಈ ಪದವಿಗೆ ನಾವು ಹೇಳುವ ಮಿತಿ ಇಷ್ಟು: ಮೊದಲ ವರ್ಷ ಕೈಗೆ ಬರಬಹುದಾದ ಒಟ್ಟು ಸಂಬಳಕ್ಕಿಂತ ಸಾಲ ಹೆಚ್ಚಬಾರದು. ಮೇಲಿನ ಉದಾಹರಣೆಯಲ್ಲಿ ಅದು ಎರಡೂವರೆ ಲಕ್ಷ. ಓದುವಾಗಲೇ ಬಡ್ಡಿ ಕಟ್ಟುತ್ತ ಬಂದರೆ ಹತ್ತು ವರ್ಷದ ಅವಧಿಗೆ ಅದರ ಕಂತು ಸುಮಾರು 3,400, ಸಂಬಳದ ಆರನೇ ಒಂದು ಪಾಲು.

ಕಾಲೇಜಿನವರು ತೋರಿಸುವ ‘ಗರಿಷ್ಠ ಪ್ಯಾಕೇಜ್’ ಒಬ್ಬ ವಿದ್ಯಾರ್ಥಿಯದು. ಇಡೀ ವಿಶ್ವವಿದ್ಯಾಲಯದ ಸರಾಸರಿಯಲ್ಲಿ ಎಂಜಿನಿಯರಿಂಗ್, ಎಂಬಿಎ ಓದಿದವರೂ ಸೇರಿರುತ್ತಾರೆ. ಕೇಳಬೇಕಾದ್ದು ಸಂವಹನ ವಿಭಾಗದ ಲೆಕ್ಕ: ಕಳೆದ ವರ್ಷ ಎಷ್ಟು ಜನ ಓದು ಮುಗಿಸಿದರು, ಎಷ್ಟು ಜನಕ್ಕೆ ಕೆಲಸ ಸಿಕ್ಕಿತು, ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಟ್ಟನಡುವಿನವರಿಗೆ ಎಷ್ಟು, ಅದರಲ್ಲಿ ಕಾಲ್ ಸೆಂಟರ್, ಸೇಲ್ಸ್ ಕೆಲಸ ಎಷ್ಟು. ಬರಹದಲ್ಲಿ ಕೊಡಲು ಹಿಂಜರಿದರೆ ಅದೇ ಉತ್ತರ. ಎರಡು ವರ್ಷದ ಹಿಂದೆ ಓದು ಮುಗಿಸಿದವರನ್ನು ಲಿಂಕ್ಡ್‌ಇನ್‌ನಲ್ಲಿ ಹುಡುಕಿ ಮಗಳೇ ಮಾತಾಡಲಿ.

ಆದರೂ ಅಲ್ಲೇ ಸೇರಿಸುವುದಾದರೆ ಮೂರೂ ವರ್ಷದ ಫೀಸಿನ ವಿವರವನ್ನು ಲೆಟರ್‌ಹೆಡ್‌ನಲ್ಲಿ ಪಡೆಯಿರಿ. ಎರಡನೇ ವರ್ಷ ಫೀಸು ಏರಿದರೆ ಮಂಜೂರಾದ ಮೊತ್ತ ತಾನಾಗಿ ಏರುವುದಿಲ್ಲ. ಸಾಲದ ಜೊತೆ ವಿಮೆಯ ಪ್ರೀಮಿಯಂ ಸೇರಿಸಿದ್ದಾರೆಯೇ ಎಂದು ಮಂಜೂರಾತಿ ಪತ್ರದಲ್ಲಿ ನೋಡಿ, ಅದಕ್ಕೂ ಬಡ್ಡಿ ಬೀಳುತ್ತದೆ. ಓದುವ ಅವಧಿಯಲ್ಲಿ ಸರಳ ಬಡ್ಡಿಯಾದ್ದರಿಂದ ಅಡಿಕೆ ಕೊಯ್ಲಿನ ದುಡ್ಡು ಬಂದಾಗ ವರ್ಷಕ್ಕೊಮ್ಮೆ ಕಟ್ಟಿದರೂ ನಡೆಯುತ್ತದೆ. ಮೇಲೆ ಹೇಳಿದ ನಾಲ್ಕು ವರ್ಷದ ಬಡ್ಡಿ, ಒಟ್ಟು 2.36 ಲಕ್ಷವನ್ನು ಹೀಗೆ ಮೊದಲೇ ಕಟ್ಟಿದರೆ ಕಂತು 10,100ಕ್ಕೆ ಇಳಿಯುತ್ತದೆ, ಮುಂದಿನ ಹತ್ತು ವರ್ಷದಲ್ಲಿ 3.8 ಲಕ್ಷ ಉಳಿಯುತ್ತದೆ. ಹೀಗೆ ಕಟ್ಟುವವರಿಗೆ ಬಡ್ಡಿಯಲ್ಲಿ ಶೇ 1 ರಿಯಾಯಿತಿ ಕೊಡುವ ಬ್ಯಾಂಕುಗಳೂ ಇವೆ, ಕೇಳಿ ನೋಡಿ.

ಕೇಂದ್ರದ ಬಡ್ಡಿ ಸಹಾಯಧನವನ್ನು ನಂಬಿ ಸಹಿ ಹಾಕಬೇಡಿ. ಕುಟುಂಬದ ಆದಾಯ 4.5 ಲಕ್ಷದೊಳಗಿದ್ದವರಿಗಿರುವ ಯೋಜನೆ ವೃತ್ತಿಪರ, ತಾಂತ್ರಿಕ ಕೋರ್ಸುಗಳಿಗೆ ಮೀಸಲು. ಪತ್ರಿಕೋದ್ಯಮದ ಬಿ.ಎ. ಅದರೊಳಗೆ ಬರುತ್ತದೆಯೇ ಎಂದು ಬ್ಯಾಂಕಿನಿಂದ ಬರಹದಲ್ಲೇ ಪಡೆಯಿರಿ. ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಆದಾಯದ ಮಿತಿ 8 ಲಕ್ಷ, ಬಡ್ಡಿಯಲ್ಲಿ ಶೇ 3 ನೆರವು. ಆದರೆ ಕಾಲೇಜು ಆ ಯೋಜನೆಯ ಪಟ್ಟಿಯಲ್ಲಿರಬೇಕು.

ನಮ್ಮ ಒಲವು ಬೇರೆ ದಾರಿಯ ಕಡೆ. ಪತ್ರಿಕೋದ್ಯಮ ಐಚ್ಛಿಕ ವಿಷಯವಾಗಿರುವ ಹತ್ತಿರದ ಸರ್ಕಾರಿ ಕಾಲೇಜಿನಲ್ಲಿ ಬಿ.ಎ., ಆಮೇಲೆ ಶಿವಗಂಗೋತ್ರಿಯ ದಾವಣಗೆರೆ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಎಂ.ಎ. ಉಳಿದ ದುಡ್ಡಿನಲ್ಲಿ ವಿಡಿಯೊ ಎಡಿಟಿಂಗ್ ತಾಳುವ ಲ್ಯಾಪ್‌ಟಾಪ್, ಒಂದು ಕಾಲರ್ ಮೈಕ್ ಕೊಡಿಸಿ. ದಾವಣಗೆರೆಯ ಸ್ಥಳೀಯ ದಿನಪತ್ರಿಕೆಗಳಿಗೆ ಓದುವಾಗಲೇ ವರದಿ ಬರೆಯಲಿ, ಚಿತ್ರದುರ್ಗ ಆಕಾಶವಾಣಿ ಉದ್ಘೋಷಕರ ಧ್ವನಿ ಪರೀಕ್ಷೆಗೆ ಕರೆದಾಗ ಹೋಗಲಿ. ಈ ರಂಗದಲ್ಲಿ ಕೆಲಸಕ್ಕೆ ತೆಗೆದುಕೊಳ್ಳುವವರು ಮೊದಲು ಕೇಳುವುದು ‘ಏನು ಮಾಡಿದ್ದೀರಿ, ತೋರಿಸಿ’ ಎಂದು. ಬೆಂಗಳೂರಿನ ಕಾಲೇಜಿನಿಂದ ಪರಿಚಯದ ಬಳಗ, ಇಂಟರ್ನ್‌ಶಿಪ್ ಸುಲಭವಾಗಿ ಸಿಗುತ್ತವೆ ಎಂಬುದು ನಿಜ. ಅದಕ್ಕೆ ಏಳೂವರೆ ಲಕ್ಷ ದುಬಾರಿ.

ಪ್ರಶ್ನೆ: ನನ್ನ ಶಿಕ್ಷಣ ಸಾಲದ ಕಂತು ಎರಡು ತಿಂಗಳಲ್ಲಿ ಶುರುವಾಗುತ್ತದೆ, 9,000. ಸಂಬಳ 18,000. ಕೆಲವು ತಿಂಗಳು ಬಿಟ್ಟು ಕಟ್ಟಿದರೆ ಏನಾಗುತ್ತದೆ?
– ಓದುಗರು, ದಾವಣಗೆರೆ

ಉತ್ತರ: ಬಿಡಬೇಡಿ. ಬಾಕಿ 90 ದಿನ ದಾಟಿದರೆ ಖಾತೆ ಎನ್‌ಪಿಎ, ಅಂದರೆ ವಸೂಲಾಗದ ಸಾಲ ಎಂದು ದಾಖಲಾಗುತ್ತದೆ. ಸಿಬಿಲ್ ಅಂಕ (ಸಾಲ ಮರುಪಾವತಿಯ ದಾಖಲೆ ನೋಡಿ ಕೊಡುವ ಅಂಕ) ನಿಮ್ಮದಷ್ಟೇ ಅಲ್ಲ, ಜಂಟಿಯಾಗಿ ಸಹಿ ಹಾಕಿದ ತಂದೆಯದೂ ಕುಸಿದು ಅವರ ಬೆಳೆ ಸಾಲಕ್ಕೆ ತೊಡಕಾಗಬಹುದು. ಈಗಲೇ ಸಂಬಳದ ಸ್ಲಿಪ್ ಹಿಡಿದು ಶಾಖೆಗೆ ಹೋಗಿ ಎರಡು ಕೇಳಿ: ಅವಧಿಯನ್ನು ಹದಿನೈದು ವರ್ಷಕ್ಕೆ ವಿಸ್ತರಿಸುವುದು, ಇಲ್ಲವೇ ಮೊದಲು ಕಡಿಮೆಯಿದ್ದು ಆಮೇಲೆ ಏರುವ ಕಂತು. ಅರ್ಜಿ ಬರಹದಲ್ಲಿರಲಿ, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಸಂಬಳ ಏರಿದಾಗ ಹೆಚ್ಚುವರಿ ಹಣವನ್ನು ಅಸಲಿಗೇ ಜಮಾ ಮಾಡಲು ಹೇಳಿ.

ಪ್ರಶ್ನೆ: ಶಿಕ್ಷಣ ಸಾಲದ ಓಡಾಟ ಬೇಡವೆಂದು ಚಿನ್ನ ಅಡವಿಟ್ಟು ಫೀಸು ಕಟ್ಟಬಹುದೇ?
– ಓದುಗರು, ಹಿರಿಯೂರು

ಉತ್ತರ: ಒಂದು ಸೆಮಿಸ್ಟರ್ ಫೀಸಿಗೆ, ಆರು ತಿಂಗಳೊಳಗೆ ಬಿಡಿಸಿಕೊಳ್ಳುವಂತಿದ್ದರೆ ಸರಿ. ಮೂರು ವರ್ಷದ ಓದಿಗೆ ಬೇಡ. ಚಿನ್ನದ ಸಾಲ ಸಾಮಾನ್ಯವಾಗಿ ಒಂದು ವರ್ಷದ್ದು, ನವೀಕರಿಸಬೇಕಾದರೆ ಪ್ರತಿ ಸಲವೂ ಬಡ್ಡಿ ಪೂರ್ತಿ ಚುಕ್ತಾ ಮಾಡಬೇಕು. ಓದು ಮುಗಿಯುವವರೆಗೆ ಕಾಯುವ ಸೌಲಭ್ಯ ಅದರಲ್ಲಿಲ್ಲ. ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಶಿಕ್ಷಣ ಸಾಲದ ಬಡ್ಡಿಗೆ ಆದಾಯ ತೆರಿಗೆಯಲ್ಲಿ ಸಿಗುವ ಎಂಟು ವರ್ಷದ ವಿನಾಯಿತಿಯೂ ಇದಕ್ಕೆ ಸಿಗುವುದಿಲ್ಲ.